ಕಬ್ಬಿನ ಗ್ಯಾಂಗಿನ ಜೋಪಡಿಗಳಿಗೆ ನಾವು ಹೋದದ್ದು

ಅಥಣಿ ತಾಲೂಕಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ನರ್ಸ್. ದೀಪಾವಳಿ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ಹೊಲದಂಚಿನಲ್ಲಿ ಜೋಪಡಿಗಳು ಏಳುತ್ತವೆ. ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ, ಕಬ್ಬು ಕಡಿಯುವ ಗ್ಯಾಂಗಿನವರು. ಹಂಗಾಮು ಮುಗಿಯುವಷ್ಟರಲ್ಲಿ ಅವರಲ್ಲಿ ಯಾರಾದರೊಬ್ಬಳು ತುಂಬಿದ ಬಸುರಿ, ಬಿಳಿಚಿದ ಮುಖ ಹೊತ್ತು ನಮ್ಮ ಹೆರಿಗೆ ವಾರ್ಡಿಗೆ ಬರುತ್ತಿದ್ದಳು. ತಾಯಿ ಕಾರ್ಡ್ ಎಲ್ಲಿ ಅಂದರೆ ಊರಾಗ ಟ್ರಂಕಿನ್ಯಾಗ ಐತ್ರಿ ಅನ್ನುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆಯ ಲೆಕ್ಕದಲ್ಲಿ ಆಕೆ ಊರು ಬಿಟ್ಟವಳು, ಇಲ್ಲಿಯ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ.

ನಾವು ಪ್ರತಿ ವರ್ಷ ಉಚಿತ ಶಿಬಿರ ಮಾಡುತ್ತಿದ್ದೆವು. ಶಾಮಿಯಾನ, ಬ್ಯಾನರ್, ಊಟ, ಎಲ್ಲ ಇತ್ತು. ಗ್ಯಾಂಗಿನವರು ಮಾತ್ರ ಬರುತ್ತಿರಲಿಲ್ಲ. ಶಿಬಿರದಿಂದ ನಮ್ಮ ಓಪಿಡಿ ತುಂಬಿತು, ಅಷ್ಟೇ. ಇದನ್ನು ಟ್ರಸ್ಟಿನ ಸಭೆಯಲ್ಲಿ ಹೇಳಿದಾಗ ನಮ್ಮ ಹಿರಿಯ ವೈದ್ಯರು ಅಮೆರಿಕದ ಮಾತು ತೆಗೆದರು. ಅಲ್ಲಿ ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಮೂರು ವರ್ಷಕ್ಕೊಮ್ಮೆ ಸುತ್ತಲಿನ ಜನರ ಆರೋಗ್ಯದ ಅಗತ್ಯ ಏನೆಂದು ಸಮೀಕ್ಷೆ ಮಾಡಬೇಕು. 2010ರ ಆರೋಗ್ಯ ಕಾಯ್ದೆಯೇ ಹಾಗೆ ಹೇಳುತ್ತದೆ. ನಮಗೆ ಅಂಥ ಕಾಯ್ದೆ ಇರಲಿಲ್ಲ, ಹೆರಿಗೆ ವಾರ್ಡಿನ ರಿಜಿಸ್ಟರ್ ಇತ್ತು. ಎರಡು ದಿನ ಕುಂತು ಅದನ್ನೇ ತಿರುವಿ ಹಾಕಿದೆವು. ಶಿಬಿರದ ದುಡ್ಡನ್ನು ಒಂದು ಜೀಪಿಗೆ, ರಕ್ತ ನೋಡುವ ಕೈ ಮೀಟರಿಗೆ, ಔಷಧಿಗೆ ತಿರುಗಿಸಲು ಟ್ರಸ್ಟ್ ಒಪ್ಪಿತು.

ಮೊದಲ ಸಲ ಹಗಲು ಹೋಗಿ ಖಾಲಿ ಜೋಪಡಿ ನೋಡಿ ಬಂದೆವು. ಅಲ್ಲಿದ್ದ ಮುದುಕಿ, "ಹಗಲಿ ಬಂದ್ರ ಯಾರ್ ಸಿಗ್ತಾರವ್ವ, ದೀಪ ಹಚ್ಚೂ ಹೊತ್ತಿಗಿ ಬಾ" ಅಂದಳು. ಅಂದಿನಿಂದ ನಮ್ಮ ಪಾಳಿ ಸಂಜೆ ಏಳಕ್ಕೆ. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಆರು ತಿಂಗಳ ಬಸುರಿಯೊಬ್ಬಳು ಹಿಟ್ಟಿನ ಕೈಯನ್ನೇ ಚಾಚಿದಳು. ಬೆರಳು ಒರೆಸಿ ಚುಚ್ಚಿದರೆ 6.8. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು, 7ಕ್ಕಿಂತ ಕೆಳಗೆ ಅಂದರೆ ತೀವ್ರ ರಕ್ತಹೀನತೆ. "ಮೈಯಾಗ ಕಸುವ ಇಲ್ರಿ, ಕಬ್ಬಿನ ಮೋಳಿಗಿ ಹೊತ್ತು ಟ್ರ್ಯಾಕ್ಟರ್ ಏರಾಕ ಆಗವಲ್ದು" ಅಂದಳು. ಮೊದಲು ಕೊಟ್ಟಿದ್ದ ಕಬ್ಬಿಣಾಂಶದ ಗುಳಿಗೆಗಳನ್ನು, ಮಲ ಕರ್ರಗಾಗುತ್ತದೆ ಎಂದು ಹೆದರಿ ಬಿಟ್ಟಿದ್ದಳು. ಕರ್ರಗಾಗುವುದು ಕಬ್ಬಿಣಾಂಶದಿಂದ, ಹೆದರುವ ಕಾರಣವಿಲ್ಲ ಎಂದು ಆಕೆಗೆ ಯಾರೂ ಹೇಳಿರಲೇ ಇಲ್ಲ. ಗುಳಿಗೆ ಚಹಾದ ಸಂಗಡ ಬೇಡ ಅನ್ನುವುದನ್ನೂ.

ಇಷ್ಟು ಕಡಿಮೆ ಇದ್ದರೆ ಗುಳಿಗೆಯೊಂದೇ ಸಾಲದು, ರಕ್ತನಾಳಕ್ಕೇ ಕಬ್ಬಿಣಾಂಶ ಕೊಡಬೇಕು. ಐರನ್ ಸುಕ್ರೋಸ್ ಅನ್ನುವ ಚುಚ್ಚುಮದ್ದು ಅಗ್ಗ, ಆದರೆ ಒಂದು ಸಲಕ್ಕೆ 200 ಮಿಲಿಗ್ರಾಂ. ನಾಲ್ಕೈದು ಸಲ ಬರಬೇಕು. ಗಂಡ ಹೆಂಡತಿ ಜೋಡಿಯಾಗಿ ಕಡಿಯುವ ಕೆಲಸ, ಒಬ್ಬರು ಬಿಟ್ಟರೆ ಇಬ್ಬರ ಕೂಲಿಗೂ ಕುತ್ತು. ನಾಲ್ಕೈದು ಸಲ ಬಾ ಅಂದರೆ ಆಕೆ ಬರುವುದಿಲ್ಲ, ಅದು ಆಕೆಯ ತಪ್ಪೂ ಅಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವ ಇನ್ನೊಂದು ಕಬ್ಬಿಣಾಂಶದ ಚುಚ್ಚುಮದ್ದು ದುಬಾರಿ, ಆದರೆ 1000 ಮಿಲಿಗ್ರಾಂವರೆಗೆ ಒಂದೇ ಕುಂತಲ್ಲಿ, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾತ್ರ ಕೊಡುವಂತಿಲ್ಲ. ಆ ವ್ಯತ್ಯಾಸದ ಹಣವನ್ನು ಆಸ್ಪತ್ರೆಯೇ ಹಾಕಬೇಕು ಎಂದು ನಾನು ಹಟ ಹಿಡಿದೆ. ನನ್ನ ದೃಷ್ಟಿಯಲ್ಲಿ ನಾವು ಹಾಕಿದ ದುಡ್ಡಿನಲ್ಲಿ ಅದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಗ್ಯಾಂಗನ್ನು ಕರೆತರುವ ಮುಕಾದಮನನ್ನು ಒಪ್ಪಿಸುವುದು ಬೇರೆಯೇ ಕೆಲಸ. ಮುಂಗಡ ಕೊಟ್ಟವನಿಗೆ ಒಂದು ದಿನ ಅಂದರೆ ಟನ್ನಿನ ಲೆಕ್ಕ. ರಾತ್ರಿ ಎಂಟಕ್ಕೆ ಕರೆದೊಯ್ದು ಅವತ್ತೇ ಜೋಪಡಿಗೆ ಬಿಡುತ್ತೇವೆ ಎಂದ ಮೇಲೆ ಸುಮ್ಮನಾದ.

6.8 ಇದ್ದ ಆ ಹುಡುಗಿ ಏಪ್ರಿಲಿನಲ್ಲಿ ತಾಂಡಾದಿಂದ ಫೋನ್ ಮಾಡಿದಳು. ಹೆರಿಗೆ ಅಲ್ಲಿಯ ಸರ್ಕಾರಿ ದವಾಖಾನೆಯಲ್ಲಿ ಆಗಿತ್ತು, ರಕ್ತ ಹಾಕಬೇಕಾಗಲಿಲ್ಲ. ಈ ವರ್ಷ ಅವರು ಹೊರಡುವ ಮೊದಲೇ, ದಸರೆಯ ಹೊತ್ತಿಗೆ, ನಾವೇ ತಾಂಡಾಗಳಿಗೆ ಹೋಗಿ ಪ್ರತಿಯೊಬ್ಬ ಬಸುರಿಯ ತಾಯಿ ಕಾರ್ಡಿನ ಫೋಟೊ ತೆಗೆದು, ಆಕೆ ಯಾವ ಕಾರ್ಖಾನೆಗೆ ಹೋಗುತ್ತಾಳೆಂದು ಬರೆದುಕೊಳ್ಳುತ್ತೇವೆ.