ಸಿಹಿಗುಂಬಳಕ್ಕೆ ಮೊದಲು ಚಪ್ಪರ, ಆಮೇಲೆ ಬೀಜ

ಸಿಹಿಗುಂಬಳ ಬೆಳೆಯುವುದು ಏನು ಮಹಾ, ತಿಪ್ಪೆ ಮೇಲೆ ತಾನಾಗಿಯೇ ಹುಟ್ಟಿ ಕಾಯಿ ಬಿಡುತ್ತದಲ್ವಾ ಎಂದು ಹಳ್ಳಿಯಲ್ಲಿ ಬೆಳೆದವರು ನಗಬಹುದು. ನಿಜ. ತಿಪ್ಪೆಯಲ್ಲಿ ಬೇಕಾದಷ್ಟು ಗೊಬ್ಬರ ಇದೆ, ಬಳ್ಳಿ ಹಬ್ಬಲು ಪಕ್ಕದಲ್ಲೇ ಕೊಟ್ಟಿಗೆಯ ಮಾಡು ಇದೆ. ಅದೇ ಬೀಜವನ್ನು ಊರೊಳಗಿನ ಮನೆಯಲ್ಲಿ, ಕಾಂಪೌಂಡ್ ಪಕ್ಕ ಉಳಿದ ನಾಲ್ಕಡಿ ಮಣ್ಣಿನಲ್ಲಿ ಅಥವಾ ತಾರಸಿಯ ಮೇಲೆ ಹಾಕಿದಾಗ ಪಜೀತಿ ಶುರು. ಬಳ್ಳಿ 15 ಅಡಿ ದಾಟುವುದು ಮಾಮೂಲು. ಇವತ್ತು ಗೇಟು ಹತ್ತುತ್ತದೆ, ನಾಳೆ ಪಕ್ಕದ ಮನೆಯವರ ಬಟ್ಟೆ ಒಣಗಿಸುವ ತಂತಿ ಹಿಡಿಯುತ್ತದೆ. ಆಗ ಓಡಿ ಹೋಗಿ ಒಂದು ಕೋಲು ನೆಟ್ಟರೆ ಏನೂ ಪ್ರಯೋಜನವಿಲ್ಲ, ಬೆಳೆದ ಬಳ್ಳಿಯನ್ನು ಎತ್ತಿ ಕಟ್ಟಲು ಹೋದರೆ ಕಾಂಡವೇ ಮುರಿಯುತ್ತದೆ. ಆದ್ದರಿಂದ ಬೀಜ ಪೊಟ್ಟಣದಲ್ಲೇ ಇರಲಿ. ಚಪ್ಪರ ಮೊದಲು ಏಳಲಿ.

ಅಂದಹಾಗೆ, ಇಲ್ಲಿ ಹೇಳುತ್ತಿರುವುದು ಪಲ್ಯ, ಸಾಂಬಾರು, ಕಡುಬಿಗೆ ಬಳಸುವ ಸಿಹಿಗುಂಬಳದ ಬಗ್ಗೆ. ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಬೂದುಗುಂಬಳದ ಬಗ್ಗೆ ಅಲ್ಲ. ಚಪ್ಪರದ ಮಾತು ಮಾತ್ರ ಅದಕ್ಕೂ, ಸೋರೆ, ಹೀರೆ, ಸೀಮೆಬದನೆಗೂ ಹೆಚ್ಚುಕಡಿಮೆ ಇದೇ.

ತಳಿ ಮತ್ತು ಕಾಲ

ಜಾಗ ಕಡಿಮೆ ಇದ್ದವರು ದೊಡ್ಡ ಕಾಯಿಯ ಆಸೆ ಬಿಡುವುದು ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿಯ ಕಾಯಿ ಸುಮಾರು 1 ಕೆ.ಜಿ. ತೂಗುತ್ತದೆ. ಕಿತ್ತಳೆ ಬಣ್ಣದ ಚಿಕ್ಕ ಕಾಯಿ, ಹಣ್ಣಿನ ನೊಣವನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಅಲ್ಲಿಯದೇ ‘ಅರ್ಕಾ ಚಂದನ್’ ಇನ್ನೂ ಸ್ವಲ್ಪ ದೊಡ್ಡದು, 2ರಿಂದ 3 ಕೆ.ಜಿ. ಚಿಕ್ಕ ಸಂಸಾರಕ್ಕೆ ನನ್ನ ಓಟು ಮೊದಲನೆಯದಕ್ಕೆ. ಅಂಗಡಿಯಿಂದ ತಂದ ಹೋಳಿನ ಬೀಜವನ್ನೂ ಹಾಕಬಹುದು, ಆದರೆ ಅದು ಹೈಬ್ರಿಡ್ ಕಾಯಿಯಾಗಿದ್ದರೆ ಅದೇ ಥರದ ಕಾಯಿ ಬರುತ್ತದೆಂಬ ಭರವಸೆ ಇಲ್ಲ.

ಬಯಲುಸೀಮೆಯಲ್ಲಿ ಜೂನ್-ಜುಲೈ ಮತ್ತು ಜನವರಿ-ಫೆಬ್ರುವರಿ ಎರಡೂ ಬಿತ್ತನೆಗೆ ಸರಿಯಾದ ಕಾಲ. ಮಲೆನಾಡು, ಕರಾವಳಿಯವರು ಜೋರು ಮಳೆಯಲ್ಲಿ ಹಾಕಿದರೆ ಹೂವೆಲ್ಲ ಕೊಳೆಯುತ್ತದೆ. ಮಳೆ ಹಿಂದೆ ಸರಿದ ಮೇಲೆ ಶುರು ಮಾಡಿ. ಎಲ್ಲಿದ್ದರೂ ದಿನಕ್ಕೆ ಕಡಿಮೆ ಎಂದರೂ 6 ಗಂಟೆ ಬಿಸಿಲು ಬೀಳಬೇಕು.

ಚಪ್ಪರ ಹೀಗೆ

ಒಂದು ಬಳ್ಳಿಗೆ 6 ಅಡಿ ಅಗಲ, 8 ಅಡಿ ಉದ್ದದ ಚಪ್ಪರ ಸಾಕು. ಎಂಟು ಅಡಿಯ, ಸರ್ವೆ ಮರದ ನಾಲ್ಕು ಗಳು (ಕಂಬ) ತನ್ನಿ. ಒಂದೂವರೆ ಅಡಿ ಮಣ್ಣೊಳಗೆ ಹೂತರೆ ಮೇಲೆ ಆರೂವರೆ ಅಡಿ ಉಳಿಯುತ್ತದೆ, ಅಡಿಯಲ್ಲಿ ತಲೆ ತಗ್ಗಿಸದೆ ಓಡಾಡಬಹುದು. ಹೂಳುವ ತುದಿಗೆ ಡಾಂಬರು ಬಳಿದರೆ ಗೆದ್ದಲು ಬೇಗ ಹಿಡಿಯುವುದಿಲ್ಲ. ಮೇಲೆ ನಾಲ್ಕೂ ಕಡೆ ಬಿದಿರು ಅಥವಾ ಅಡಿಕೆ ದಬ್ಬೆ ಬಿಗಿದು ಕಟ್ಟಿ, ನಡುವೆ ಅಡಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ತಂತಿ ಎಳೆಯಿರಿ. ತಾರಸಿಯಲ್ಲಿ ಗುಂಡಿ ತೋಡುವ ಹಾಗಿಲ್ಲವಲ್ಲ, ಅಲ್ಲಿ 20 ಲೀಟರಿನ ಖಾಲಿ ಪೇಂಟ್ ಡಬ್ಬಿಯಲ್ಲಿ ಗಳು ನಿಲ್ಲಿಸಿ ಜಲ್ಲಿ, ಸಿಮೆಂಟ್ ತುಂಬಿಸಿ. ನೀರಿನ ಟ್ಯಾಂಕಿನ ಪೈಪಿಗೆ ಮಾತ್ರ ದಯವಿಟ್ಟು ಏನನ್ನೂ ಕಟ್ಟಬೇಡಿ. ಕಾಯಿಯ ತೂಕ, ಮಳೆಯಲ್ಲಿ ನೆಂದ ಎಲೆಯ ತೂಕ, ಅದರ ಮೇಲೆ ಆಷಾಢದ ಗಾಳಿ, ಇಷ್ಟನ್ನೂ ಆ ಪೈಪು ತಡೆಯುವುದಿಲ್ಲ.

ಇಷ್ಟು ಖರ್ಚು ಬೇಡ ಎನ್ನುವವರು ಗೋಡೆಗೆ ನೇರವಾಗಿ ನೈಲಾನ್ ಬಲೆ ಬಿಡುತ್ತಾರೆ. ಬಿಡಬಹುದು, ಆದರೆ ಕಣ್ಣು ಚಿಕ್ಕದಿರುವ ಬಲೆ ಬೇಡ. ಎಳೇ ಕಾಯಿ ಬಲೆಯ ಕಣ್ಣೊಳಗೆ ತೂರಿಕೊಂಡು ಅಲ್ಲೇ ಊದುತ್ತಾ ಹೋಗುತ್ತದೆ, ಒಂದು ವಾರ ಆ ಕಡೆ ನೋಡದಿದ್ದರೆ ದಾರ ಕಾಯಿಯ ಸಿಪ್ಪೆಯೊಳಗೆ ಇಳಿದಿರುತ್ತದೆ, ಆಮೇಲೆ ಬಲೆ ಕತ್ತರಿಸದೆ ಬೇರೆ ದಾರಿ ಇಲ್ಲ. ನಿಮ್ಮ ಕೈ ಸಲೀಸಾಗಿ ಒಳಗೆ ಹೋಗಿ ಹೊರಗೆ ಬರುವಷ್ಟು ದೊಡ್ಡ ಕಣ್ಣಿರಲಿ.

ಇನ್ನೊಂದು ವಿಷಯ. ಬಳ್ಳಿಯ ಗೆಣ್ಣಿನಲ್ಲಿ ದಾರದಂಥ ಕುಡಿ ಬರುತ್ತದಲ್ಲ, ಅದು ಸುತ್ತಿಕೊಳ್ಳಲು ತೆಳ್ಳಗಿನ ಆಸರೆ ಬೇಕು. ದಪ್ಪ ಪಿವಿಸಿ ಪೈಪನ್ನು ಅದು ಹಿಡಿಯಲಾರದು, ಜಾರುತ್ತದೆ. ಗಳುವಿನ ಬುಡದಿಂದ ಮೇಲಿನ ತನಕ ತೆಂಗಿನ ನಾರಿನ ಹುರಿ ಇಳಿಬಿಟ್ಟರೆ ಕೆಲಸ ಸುಲಭ.

ಗುಂಡಿ, ಬೀಜ, ಮೊದಲ ಎಲೆ

ಚಪ್ಪರದ ಬುಡದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ ಮಣ್ಣಿಗೆ ಬೆರೆಸಿ ತುಂಬಿ. ತಾರಸಿಯವರಿಗೆ 50-60 ಲೀಟರ್ ಮಣ್ಣು ಹಿಡಿಯುವ ಚೀಲ ಅಥವಾ ಅರ್ಧ ಕೊಯ್ದ ಡ್ರಮ್ ಬೇಕು. ಹೂವಿನ ಕುಂಡದಲ್ಲಿ ಹಾಕಿದರೆ ಸುಮ್ನೆ ಎಲೆ ನೋಡಿಕೊಂಡಿರಬೇಕು ಅಷ್ಟೆ.

ಬೀಜ ಒಂದು ರಾತ್ರಿ ನೆನೆಸಿ, ಒಂದಿಂಚು ಆಳದಲ್ಲಿ ಮೂರ್ನಾಲ್ಕು ಊರಿ. ವಾರದೊಳಗೆ ಮೊಳಕೆ ಬರುತ್ತದೆ. ಗಟ್ಟಿಮುಟ್ಟಾದ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ಕೀಳಬೇಡಿ, ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಉಳಿಯಬೇಕಾದ ಸಸಿಯ ಬೇರೂ ಅಲ್ಲಾಡುತ್ತದೆ, ಈ ಜಾತಿಯ ಗಿಡಗಳಿಗೆ ಅದು ಆಗಿಬರುವುದಿಲ್ಲ. ಈ ಹಂತದಲ್ಲೇ ಕೆಂಪು ದುಂಬಿ ಬಂದು ಮೊದಲ ಎಲೆಗಳನ್ನು ತೂತು ತೂತು ಮಾಡುತ್ತದೆ. ಬೆಳಗ್ಗೆ ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಉದುರಿಸಿ.

ನೀರು ಬುಡಕ್ಕೆ ಮಾತ್ರ. ಮಧ್ಯಾಹ್ನ ಎಲೆ ಬಾಡಿದ್ದು ಕಂಡು ಪೈಪು ಹಿಡಿದು ಓಡಬೇಡಿ, ಸಂಜೆ ತಾನಾಗಿ ಎದ್ದು ನಿಂತರೆ ಗಿಡಕ್ಕೆ ಬಾಯಾರಿಲ್ಲ ಎಂದೇ ಅರ್ಥ. ಬೆಳಗ್ಗೆಯೂ ಜೋತುಬಿದ್ದಿದ್ದರೆ ಹಾಕಿ.

ಹತ್ತಿಸುವುದು

ಬಳ್ಳಿ ಒಂದಡಿ ಆದ ಕೂಡಲೇ ಹುರಿಗೆ ಹಚ್ಚಿ. ಕಟ್ಟಲು ನೀರಲ್ಲಿ ನೆನೆಸಿದ ಬಾಳೆನಾರು ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ಹಳೇ ಬನಿಯನ್ನಿನ ಪಟ್ಟಿ. ಪ್ಲಾಸ್ಟಿಕ್ ದಾರ, ಬರೀ ತಂತಿ ಎರಡೂ ಕಾಂಡವನ್ನು ಕೊಯ್ಯುತ್ತವೆ. ಇಂಗ್ಲಿಷಿನ 8ರ ಆಕಾರದಲ್ಲಿ, ಒಂದು ಸುತ್ತು ಹುರಿಗೆ, ಒಂದು ಸಡಿಲ ಸುತ್ತು ಬಳ್ಳಿಗೆ. ಈ ಕೆಲಸಕ್ಕೆ ಮಧ್ಯಾಹ್ನದ ಮೇಲಿನ ಹೊತ್ತು ಸರಿ. ಬೆಳಗ್ಗೆ ಕಾಂಡದಲ್ಲಿ ನೀರು ತುಂಬಿಕೊಂಡು ಬಿರುಸಾಗಿರುತ್ತದೆ, ಬಗ್ಗಿಸಿದರೆ ಫಟ್ ಎಂದು ಮುರಿಯುತ್ತದೆ. ಬಿಸಿಲಲ್ಲಿ ಒಂದಿಷ್ಟು ಬಾಡಿದಾಗ ಹೇಳಿದ ಮಾತು ಕೇಳುತ್ತದೆ.

ಚಪ್ಪರ ಮುಟ್ಟುವ ತನಕ ಪಕ್ಕದ ಕವಲುಗಳನ್ನು ಚಿವುಟುತ್ತಾ ಬನ್ನಿ, ಮುಟ್ಟಿದ ಮೇಲೆ ತುದಿಯನ್ನೇ ಚಿವುಟಿ. ಆಗ ಕವಲೊಡೆದು ಚಪ್ಪರದ ತುಂಬ ಹಬ್ಬುತ್ತದೆ. ಚಿವುಟಿದ ಎಳೇ ಕುಡಿಗಳನ್ನು ಎಸೆಯಬೇಡಿ, ಕಾಯಿತುರಿ ಹಾಕಿ ಪಲ್ಯ ಮಾಡಿ.

ಹೂ ಬಂತು, ಕಾಯಿ ಎಲ್ಲಿ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಮೊದಲು ಬರುವುದೆಲ್ಲ ಗಂಡು ಹೂ. ಉದ್ದನೆಯ ತೊಟ್ಟು, ತುದಿಯಲ್ಲಿ ಹೂ, ಅಷ್ಟೆ. ಹೆಣ್ಣು ಹೂ ಒಂದೆರಡು ವಾರ ತಡವಾಗಿ ಬರುತ್ತದೆ, ಅದರ ಬುಡದಲ್ಲಿ ಗೋಲಿಯಷ್ಟು ಹೀಚು ಇರುತ್ತದೆ. ಆ ಹೀಚು ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರಿದರೆ ದೃಷ್ಟಿ ಆಯಿತು ಎನ್ನುತ್ತಾರೆ. ದೃಷ್ಟಿಯಲ್ಲ, ಜೇನ್ನೊಣ ಬಂದಿಲ್ಲ. ಊರ ನಡುವಿನ ತಾರಸಿಗೆ ಅವು ಬರುವುದೇ ಅಪರೂಪ, ಮಳೆ ಹಿಡಿದ ದಿನಗಳಲ್ಲಿ ಎಲ್ಲೂ ಬರುವುದಿಲ್ಲ.

ಆಗ ಆ ಕೆಲಸ ನಾವೇ ಮಾಡಬೇಕು. ಹೂ ನಸುಕಿಗೆ ಅರಳುತ್ತದೆ, ಹತ್ತು ಗಂಟೆ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ. ಹಾಗಾಗಿ ಬೆಳಗ್ಗೆ ಎಂಟರೊಳಗೆ ಹೋಗಿ. ಅವತ್ತೇ ಅರಳಿದ ಗಂಡು ಹೂ ಕಿತ್ತು ಎಸಳುಗಳನ್ನೆಲ್ಲ ಹರಿದು ಹಾಕಿ. ನಡುವಿನ ಕಡ್ಡಿಯನ್ನು ಬೆರಳಿಗೆ ಮುಟ್ಟಿಸಿ ನೋಡಿ, ಅರಿಶಿನದಂಥ ಪುಡಿ ಅಂಟಿದರೆ ಸರಿ. ಅದನ್ನು ಹೆಣ್ಣು ಹೂವಿನ ನಡುವೆ ಇರುವ ಉಬ್ಬುಗಳಿಗೆ, ಒಂದನ್ನೂ ಬಿಡದೆ, ಮೆಲ್ಲಗೆ ಸವರಿ. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಸೊಟ್ಟ ಬೆಳೆಯಬಹುದು. ಮಿಕ್ಕ ಗಂಡು ಹೂಗಳು ಬಜ್ಜಿಗೆ.

ಹೂವೇ ಇಲ್ಲ, ಬರೀ ಎಲೆ ಎನ್ನುವವರು ಸಗಣಿ ಗಂಜಲ ಹಾಕುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಬುಡಕ್ಕೆ ಒಂದು ಹಿಡಿ ಬೂದಿ ಹಾಕಿ.

ಕಾಯಿಗೆ ಜೋಲಿ

ಕಿಲೋ, ಒಂದೂವರೆ ಕಿಲೋ ತನಕ ತೊಟ್ಟು ತಾನೇ ತಡೆಯುತ್ತದೆ. ಅದಕ್ಕೂ ದೊಡ್ಡ ತಳಿಯಾದರೆ ಕಾಯಿ ತೆಂಗಿನಕಾಯಿ ಗಾತ್ರಕ್ಕೆ ಬಂದಾಗಲೇ ಜೋಲಿ ಕಟ್ಟಿ. ಈರುಳ್ಳಿ ತುಂಬಿ ಬರುವ ಬಲೆ ಚೀಲ ಇದಕ್ಕೆ ಹೇಳಿ ಮಾಡಿಸಿದ್ದು, ನೀರು ನಿಲ್ಲುವುದಿಲ್ಲ, ಕಾಯಿ ಬೆಳೆದಂತೆ ಹಿಗ್ಗುತ್ತದೆ. ಹಳೇ ಸೀರೆಯ ತುಂಡು ಬೇಸಿಗೆಗೆ ಪರವಾಗಿಲ್ಲ, ಮಳೆಗಾಲದಲ್ಲಿ ಒದ್ದೆಯಾಗಿಯೇ ಇದ್ದು ಕಾಯಿಯ ತಳ ಕೊಳೆಸುತ್ತದೆ. ಜೋಲಿಯ ತುದಿ ಚಪ್ಪರದ ದಬ್ಬೆಗೆ ಬರಬೇಕು, ಬಳ್ಳಿಗಲ್ಲ. ಭಾರವೆಲ್ಲ ಜೋಲಿಗೆ ಬಿದ್ದು ತೊಟ್ಟು ಸಡಿಲವಾಗಿ ಕಂಡರೆ ಸರಿಯಾಗಿ ಕಟ್ಟಿದ್ದೀರಿ ಅಂತ.

ಹಣ್ಣಿನ ನೊಣ ಚುಚ್ಚುವುದು ಎಳೇ ಕಾಯಿಯನ್ನು. ಹೂ ಬಾಡಿದ ಕೂಡಲೇ ಹೀಚಿಗೆ ಪೇಪರ್ ಅಥವಾ ತೆಳು ಬಟ್ಟೆಯ ಚೀಲ ತೊಡಿಸಿ, ಸಿಪ್ಪೆ ಬಲಿತ ಮೇಲೆ ತೆಗೆಯಿರಿ. ಗೊಬ್ಬರದಂಗಡಿಯಲ್ಲಿ ಸಿಗುವ ಕ್ಯೂಲ್ಯೂರ್ ಬಲೆಯೂ (ವಾಸನೆಯಿಂದ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಸಾಧನ) ಒಂದು ತೂಗಿರಲಿ. ಹುಳು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿಂದಲೇ ಮತ್ತೆ ನೊಣ ಏಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ.

ಎಲೆ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ. ತೀರಾ ಹಿಡಿದ ಎಲೆ ಕಿತ್ತು, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಬಿಸಿಲಿರುವ ಬೆಳಗ್ಗೆ ವಾರಕ್ಕೊಮ್ಮೆ ಸಿಂಪಡಿಸಿ. ಶುರುವಿನಲ್ಲೇ ಮಾಡಿದರೆ ಹತೋಟಿಗೆ ಬರುತ್ತದೆ.

ಕೊಯ್ಲು

ತೊಟ್ಟು ಒಣಗಿ ಕಟ್ಟಿಗೆಯಂತಾಗಬೇಕು. ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಬಾರದು. ಎರಡಿಂಚು ತೊಟ್ಟು ಬಿಟ್ಟು ಕತ್ತರಿಸಿ, ತೊಟ್ಟು ಹಿಡಿದು ಎತ್ತಬೇಡಿ, ಅದು ಕಿತ್ತು ಬಂದರೆ ಆ ಜಾಗದಿಂದಲೇ ಕೊಳೆ ಶುರು. ಗಾಳಿಯಾಡುವ ಕಡೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹೆಚ್ಚಿದಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಬೆಲ್ಲ ಹಾಕಿ ಸರಿಮಾಡಲು ಹೋಗದೆ ಇಡೀ ಕಾಯಿಯನ್ನು ಎಸೆಯಿರಿ, ಆ ಕಹಿ ಹೊಟ್ಟೆಗೆ ಒಳ್ಳೆಯದಲ್ಲ.

ಬಳ್ಳಿ ಒಣಗಿದ ಮೇಲೆ ಚಪ್ಪರ ಬಿಚ್ಚಬೇಡಿ. ಅದೇ ಮಣ್ಣಿಗೆ ತಕ್ಷಣ ಹೀರೆ, ಸೋರೆ ಬೇಡ, ಅವೂ ಇದೇ ಜಾತಿಯವು, ಅವೇ ರೋಗ, ಅವೇ ಹುಳು. ಒಂದೆರಡು ಬುಟ್ಟಿ ಗೊಬ್ಬರ ಸೇರಿಸಿ ಚಪ್ಪರದವರೆ ಹಾಕಿ.