‘ಬೇಕು’, ‘ಬಹುದು’ಗಳನ್ನು ಬೇರೆ ಭಾಷೆಗೆ ದಾಟಿಸುವ ಬಗೆ

‘ಹೋಗಬೇಕು’, ‘ಹೋಗಬಹುದು’ ಎನ್ನುವುದಕ್ಕೆ ಇಂಗ್ಲಿಷ್‌ನಲ್ಲೋ ಜರ್ಮನ್‌ನಲ್ಲೋ ಏನೆನ್ನುತ್ತಾರೆ ಎಂಬುದನ್ನು ಕಲಿಯುವವರು ಬೇಗ ಹಿಡಿದುಬಿಡುತ್ತಾರೆ. ಎಡವುವುದು ಅದೇ ಮಾತನ್ನು ಅಲ್ಲಗಳೆಯುವಾಗ, ಇಲ್ಲವೇ ಭೂತಕಾಲಕ್ಕೆ ತಿರುಗಿಸುವಾಗ. ಹಾಗಾಗಿ ಇಂಥ ಕ್ರಿಯಾರೂಪಗಳನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳಬೇಡಿ. ಪ್ರತಿಯೊಂದರ ಪಕ್ಕದಲ್ಲೂ ಅದರ ನಿಷೇಧ ರೂಪ, ಭೂತಕಾಲದ ರೂಪ ಎರಡೂ ಇರಲಿ.

ಮೊದಲು ಕನ್ನಡದ್ದನ್ನೇ ಬಿಡಿಸಿಕೊಳ್ಳಿ. ‘ಹೋಗಬೇಕು’ ಎಂಬುದಕ್ಕೆ ಎದುರು ರೂಪ ಒಂದಲ್ಲ. ‘ಹೋಗಬೇಕಾಗಿಲ್ಲ’ ಎಂದರೆ ಒತ್ತಾಯವಿಲ್ಲ, ಹೋದರೆ ತಪ್ಪೂ ಇಲ್ಲ. ‘ಹೋಗಬಾರದು’ ಎಂದರೆ ಹೋಗುವುದಕ್ಕೇ ತಡೆ. ‘ಹೋಗಕೂಡದು’ ಇನ್ನೂ ಬಿಗಿ. ‘ಹೋಗಬಹುದು’ ಇದಕ್ಕಿಂತ ತೊಡಕಿನದು. ಅದರಲ್ಲಿ ಅನುಮತಿಯೂ ಇದೆ, ಊಹೆಯೂ ಇದೆ. ಅನುಮತಿಯನ್ನು ಅಲ್ಲಗಳೆದರೆ ‘ಹೋಗಬಾರದು’ ಆಗುತ್ತದೆ. ಊಹೆಯಾದರೆ ‘ಹೋಗಲಿಕ್ಕಿಲ್ಲ’ ಅಥವಾ ‘ಹೋಗದಿರಬಹುದು’. ಕೈಲಾಗದ ಮಾತಾದರೆ ‘ಹೋಗಲಾರ’, ಆಡುಮಾತಿನಲ್ಲಿ ‘ಹೋಗೋಕಾಗಲ್ಲ’.

ತಡೆಯೋ, ಬರೀ ಒತ್ತಾಯವಿಲ್ಲದಿರುವುದೋ ಎಂಬ ಅನುಮಾನ ಬಂದರೆ ವಾಕ್ಯದ ಕೊನೆಗೆ ‘ಬೇಕಾದರೆ ಬಾ’ ಎಂದು ಸೇರಿಸಿ ನೋಡಿ. ‘ನೀನು ಬರಬೇಕಾಗಿಲ್ಲ, ಬೇಕಾದರೆ ಬಾ’ ಸಲೀಸಾಗಿ ಕೂರುತ್ತದೆ. ‘ನೀನು ಬರಬಾರದು, ಬೇಕಾದರೆ ಬಾ’ ಕೂರುವುದಿಲ್ಲ. ಯಾವ ಭಾಷೆಯ ವಾಕ್ಯವನ್ನಾದರೂ ಈ ಒರೆಗೆ ಹಚ್ಚಬಹುದು.

ಇಂಗ್ಲಿಷ್‌ನ ‘ಮಸ್ಟ್’ ಮತ್ತು ‘ಹ್ಯಾವ್ ಟು’ ಹೆಚ್ಚುಕಡಿಮೆ ಒಂದೇ ಅರ್ಥದವು. ‘ನಾಟ್’ ಸೇರಿದೊಡನೆ ಎರಡೂ ದೂರವಾಗುತ್ತವೆ: ‘ಮಸ್ಟ್ ನಾಟ್’ ಎಂದರೆ ಬಾರದು, ‘ಡೋಂಟ್ ಹ್ಯಾವ್ ಟು’ ಎಂದರೆ ಬೇಕಾಗಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಜರ್ಮನ್‌ಗೆ ಹೋದವರಿಗೆ ಅಲ್ಲೊಂದು ಗುಂಡಿ ಕಾದಿರುತ್ತದೆ. ‘ಡು ಮುಸ್ಟ್ ನಿಷ್ಟ್ ಕೊಮ್ಮೆನ್’ ಕಿವಿಗೆ ಇಂಗ್ಲಿಷ್‌ನ ‘ಮಸ್ಟ್ ನಾಟ್’ನಂತೆಯೇ ಬೀಳುತ್ತದೆ, ಅರ್ಥ ಮಾತ್ರ ‘ನೀನು ಬರಬೇಕಾಗಿಲ್ಲ’. ‘ಬರಬಾರದು’ ಎನ್ನಲು ಬೇರೆಯೇ ಕ್ರಿಯಾಪದ ಬೇಕು: ‘ಡು ಡಾರ್ಫ್‌ಸ್ಟ್ ನಿಷ್ಟ್ ಕೊಮ್ಮೆನ್’. ನರ್ಸಿಂಗ್ ಕೆಲಸಕ್ಕೆಂದು ಜರ್ಮನ್ ಕಲಿಯುತ್ತಿರುವವರು ಈ ಜೋಡಿಯನ್ನು ನಿದ್ದೆಗಣ್ಣಲ್ಲೂ ತಪ್ಪದಂತೆ ರೂಢಿಸಿಕೊಳ್ಳಬೇಕು. ‘ರೋಗಿ ಎದ್ದು ಓಡಾಡಬೇಕಾಗಿಲ್ಲ’ ಎಂಬುದಕ್ಕೂ ‘ಓಡಾಡಬಾರದು’ ಎಂಬುದಕ್ಕೂ ಇರುವ ಅಂತರ ವ್ಯಾಕರಣದ ಅಂಕಕ್ಕೆ ಮುಗಿಯುವಂಥದ್ದಲ್ಲ.

ಜರ್ಮನ್‌ನಲ್ಲಿ ಇಂಥ ವಾಕ್ಯ ಕಟ್ಟುವಾಗ ಇನ್ನೆರಡು ವಿಷಯ ಗಮನದಲ್ಲಿರಲಿ. ಮುಖ್ಯ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ, ಅದಕ್ಕೆ ಮುಂಚೆ ‘ತ್ಸು’ (ಇಂಗ್ಲಿಷ್‌ನ ‘ಟು’ವಿನಂಥದ್ದು) ಹಾಕಬಾರದು. ‘ನಾನು’ ಮತ್ತು ‘ಅವನು’ ಎರಡಕ್ಕೂ ಇಂಥ ಕ್ರಿಯಾಪದಗಳ ರೂಪ ಒಂದೇ: ‘ಇಶ್ ಕಾನ್’ (ನನ್ನ ಕೈಲಾಗುತ್ತದೆ), ‘ಏರ್ ಕಾನ್’ (ಅವನ ಕೈಲಾಗುತ್ತದೆ). ಇನ್ನೊಬ್ಬರು ಹೇಳಿದ್ದಕ್ಕೆ ಮಾಡಬೇಕು ಎನ್ನುವಾಗ ಬಳಸುವ ‘ಜೊಲ್ಲೆನ್’ ಕನ್ನಡಿಗರಿಗೆ ಬೇಗ ಒಗ್ಗುತ್ತದೆ. ಯಾರೋ ಹೇಳಿದ್ದನ್ನು ದಾಟಿಸಲೂ ಅದು ಬಳಕೆಯಾಗುತ್ತದೆ, ನಮ್ಮ ‘ಅಂತೆ’ಯ ಹಾಗೆ. ‘ಏರ್ ಜೊಲ್ ಕ್ರಾಂಕ್ ಜೈನ್’ ಎಂದರೆ ‘ಅವನಿಗೆ ಹುಷಾರಿಲ್ಲವಂತೆ’.

ಭೂತಕಾಲಕ್ಕೆ ಬಂದರೆ ಕನ್ನಡದಲ್ಲಿ ಒಂದು ಸೂಕ್ಷ್ಮವಿದೆ. ‘ಹೋಗಬೇಕಾಯಿತು’ ಎಂದವರು ಹೋಗಿದ್ದಾರೆ. ‘ಹೋಗಬೇಕಿತ್ತು’ ಎಂದವರು ಸಾಮಾನ್ಯವಾಗಿ ಹೋಗಿಲ್ಲ. ಮೊದಲನೆಯದಕ್ಕೆ ಇಂಗ್ಲಿಷ್‌ನಲ್ಲಿ ‘ಹ್ಯಾಡ್ ಟು ಗೋ’, ಹಿಂದಿಯಲ್ಲಿ ‘ಜಾನಾ ಪಡಾ’. ಎರಡನೆಯದಕ್ಕೆ ‘ಶುಡ್ ಹ್ಯಾವ್ ಗಾನ್’, ‘ಜಾನಾ ಚಾಹಿಯೇ ಥಾ’. ‘ಮಸ್ಟ್ ಹ್ಯಾವ್ ಗಾನ್’ ಇವೆರಡಕ್ಕೂ ಸಲ್ಲದು. ಅದು ‘ಹೋಗಿರಬೇಕು’ ಎಂಬ ಊಹೆ. ಹಿಂದಿಯಲ್ಲಿ ಕರ್ತೃವಿನ ಮೇಲೂ ಕಣ್ಣಿರಲಿ. ‘ನಾನು ಹೋಗಬೇಕು’ ಎಂಬ ರೂಢಿಯಲ್ಲಿ ‘ಮೈ ಜಾನಾ ಚಾಹಿಯೇ’ ಎಂದರೆ ತಪ್ಪು, ‘ಮುಝೆ’ ಎನ್ನಬೇಕು. ಕನ್ನಡದಲ್ಲಿ ‘ನನಗೆ’ ಬರುವುದು ‘ನನಗೆ ಪುಸ್ತಕ ಬೇಕು’ ಎಂಬಂಥ ಕಡೆ. ಹಿಂದಿ ಅದನ್ನು ಎರಡೂ ಕಡೆ ಬಯಸುತ್ತದೆ.

ಕೆಲವು ದೂರದ ಭಾಷೆಗಳು ನಮಗೆ ಇಂಗ್ಲಿಷ್‌ಗಿಂತ ಸಲೀಸು. ತುರ್ಕಿಯಲ್ಲಿ ಕನ್ನಡದಂತೆ ಎಲ್ಲವೂ ಕ್ರಿಯಾಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ: ‘ಗಿತ್ಮೆಲಿಯಿಮ್’ ಎಂದರೆ ‘ನಾನು ಹೋಗಬೇಕು’. ಅಲ್ಲಿ ಅಲ್ಲಗಳೆಯುವ ತುಂಡು ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅರ್ಥ ನಿಂತಿದೆ. ‘ಗಿದೆಮೆಮ್’ ಎಂದರೆ ಹೋಗಲಾರೆ, ‘ಗಿತ್ಮೆಯೆಬಿಲಿರಿಮ್’ ಎಂದರೆ ಹೋಗದಿರಬಹುದು. ಜಪಾನಿಯಲ್ಲಂತೂ ‘ಬೇಕು’ ಎಂಬುದಕ್ಕೆ ಒಂದೇ ಪದವನ್ನು ಹುಡುಕಬೇಡಿ. ‘ಇಕನಕೆರೆಬ ನರನಾಯ್’ ಅಕ್ಷರಶಃ ‘ಹೋಗದಿದ್ದರೆ ಆಗುವುದಿಲ್ಲ’. ‘ಇಕನಕುತೆ ಮೊ ಈ’ ಎಂದರೆ ‘ಹೋಗದಿದ್ದರೂ ಪರವಾಗಿಲ್ಲ’. ಇಂಗ್ಲಿಷ್ ಮೂಲಕ ಹೋಗದೆ ನೇರ ಕನ್ನಡದಿಂದ ಕಲಿತರೆ ಬಾಯಿಪಾಠದ ಕೆಲಸವೇ ಕಡಿಮೆ.

ಕನ್ನಡಕ್ಕೆ ಅನುವಾದಿಸುವವರು ಇಂಗ್ಲಿಷ್‌ನ ‘ಮೇ’, ‘ಮೈಟ್’, ‘ಕುಡ್’ ಎಲ್ಲಕ್ಕೂ ‘ಬಹುದು’ ಒಂದನ್ನೇ ಹಾಕುತ್ತಾರೆ. ಇದು ಸಾಲದು. ನಮ್ಮಲ್ಲಿ ಸಂಭಾವನಾರ್ಥಕ ರೂಪವೇ ಇದೆ: ‘ಮಳೆ ಬಂದೀತು’, ‘ಜಾರಿ ಬಿದ್ದೀಯೆ’. ಊಹೆಯ ಜೊತೆಗೆ ಎಚ್ಚರಿಕೆಯೂ ಇರುವ ಕಡೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಬಳಸದೆ ಬಿಟ್ಟರೆ ನಷ್ಟ ನಮ್ಮದೇ. ‘ಮೇ ನಾಟ್’ ಬಂದಾಗ ಮಾತ್ರ ನಿಂತು ಯೋಚಿಸಿ. ಬಾಡಿಗೆ ಕರಾರಿನಲ್ಲಿ ‘ಬಾಡಿಗೆದಾರರು ಗೋಡೆ ಒಡೆಯಬಾರದು’ ಎಂಬುದು ‘ಒಡೆಯದಿರಬಹುದು’ ಎಂದಾದರೆ ಆ ಷರತ್ತೇ ಬಿದ್ದುಹೋಗುತ್ತದೆ.

ನಿಯಮಾವಳಿ, ತಾಂತ್ರಿಕ ಕೈಪಿಡಿಗಳಿಗೆ ಕೈ ಹಾಕುವ ಮೊದಲೇ ಯಾವ ಪದಕ್ಕೆ ಯಾವ ರೂಪ ಎಂದು ಬರೆದಿಟ್ಟುಕೊಂಡು ಕೊನೆಯವರೆಗೂ ಬದಲಿಸದೆ ನಡೆಸಿ. ಇಂಟರ್‌ನೆಟ್ ಮಾನದಂಡಗಳಿಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ದಸ್ತಾವೇಜು ಇಂಗ್ಲಿಷ್‌ನಲ್ಲಿ ಇದನ್ನೇ ಮಾಡಿತು. ಅದರ ಪ್ರಕಾರ ‘ಮಸ್ಟ್’, ‘ಶಾಲ್’ ಎರಡೂ ಕಡ್ಡಾಯ. ‘ಶುಡ್’ ಎಂದಿದ್ದನ್ನು ಪರಿಣಾಮ ತೂಗಿ ನೋಡಿ, ತಕ್ಕ ಕಾರಣವಿದ್ದರೆ ಬಿಡಬಹುದು. ‘ಮೇ’ ಪೂರ್ತಿ ಐಚ್ಛಿಕ. ಕನ್ನಡದಲ್ಲಿ ಕಡ್ಡಾಯಕ್ಕೆ ಕಾನೂನು ಭಾಷೆಯ ‘ತಕ್ಕದ್ದು’ ಸಿದ್ಧವಾಗಿಯೇ ಇದೆ: ‘ಅರ್ಜಿ ಸಲ್ಲಿಸತಕ್ಕದ್ದು’, ತಡೆಗೆ ‘ಸಲ್ಲಿಸತಕ್ಕದ್ದಲ್ಲ’. ಸಾಮಾನ್ಯ ಓದುಗರಿಗಾದರೆ ‘ಸಲ್ಲಿಸಲೇಬೇಕು’, ‘ಸಲ್ಲಿಸಬಾರದು’ ಸಾಕು. ‘ಶುಡ್’ಗೆ ಬರೀ ‘ಬೇಕು’ ಹಾಕಿದರೆ ಸಲಹೆ ಹೋಗಿ ಕಡ್ಡಾಯವಾಗುತ್ತದೆ. ‘ಸಲ್ಲಿಸುವುದು ಒಳ್ಳೆಯದು’ ಎಂದು ಬರೆಯಿರಿ.