ಆಂಟಿಯ ಕರವಸ್ತ್ರ

ಎಂಟು ತಿಂಗಳು ಪ್ರತಿ ಶನಿವಾರ ಕೋಲಾರದಿಂದ ಬೆಂಗಳೂರಿಗೆ ಹೋಗಿ, ಜಾಝ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಸ್ವಿಂಗ್ ನೃತ್ಯ ಕಲಿತೆ. ಹೋಗಲು ಸುಮಾರು 70 ಕಿಲೋಮೀಟರ್, ಬರಲು ಅಷ್ಟೇ. ತರಗತಿಯಲ್ಲಿ ಇಪ್ಪತ್ತು ಜನ. ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಾಗುತ್ತಿತ್ತು. ಹೆಜ್ಜೆಗಳೇನೋ ಬಾಯಿಪಾಠವಾದವು. ಆದರೆ ತರಗತಿ ಮುಗಿದು ಎಲ್ಲರೂ ಮನಸ್ಸಿಗೆ ಬಂದಂತೆ ಕುಣಿಯುವ ಹೊತ್ತಿನಲ್ಲಿ ನನ್ನ ಜೊತೆ ಕುಣಿದವರ ಮುಖದಲ್ಲಿ ಒಂದು ಬಗೆಯ ಶ್ರಮ ಕಾಣುತ್ತಿತ್ತು. ಕೊನೆಗೆ ಒಬ್ಬರು ಮೆಲ್ಲಗೆ ಹೇಳಿದರು: "ನಾನು ಕರೆಯುವ ಮೊದಲೇ ನೀವು ಹೊರಟುಬಿಡುತ್ತೀರಿ." ಅವತ್ತು ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ನನಗೆ ಅದೇ ಯೋಚನೆ. ಇಪ್ಪತ್ತು ಜನರ ನಡುವೆ ಒಬ್ಬಳ ಕೈ ಏನು ಮಾಡುತ್ತಿದೆ ಎಂದು ನೋಡಲು ಯಾವ ಗುರುವಿಗೂ ಬಿಡುವಿರುವುದಿಲ್ಲ. ಗುಂಪಿಲ್ಲದೆ, ಗುರುವಿನ ಮುಂದೆ ಒಬ್ಬಳೇ ನಿಂತು ಕಲಿಯಬೇಕು ಎಂದು ನಿರ್ಧರಿಸಿದೆ.

ಗುರು ಸಿಕ್ಕಿದ್ದು ಕೆಜಿಎಫ್‌ನಲ್ಲಿ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಉರಿಗಾಂನವರು. ಅವರ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಆಂಗ್ಲೋ ಇಂಡಿಯನ್ ಆಂಟಿ ಇದ್ದಾರೆ. ಪತಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನೆಂಟರಿಷ್ಟರಲ್ಲಿ ಬಹಳ ಮಂದಿ ಊರು ಬಿಟ್ಟರೂ ಇವರು ಬಿಡಲಿಲ್ಲ. ಕ್ರಿಸ್ಮಸ್ ಮತ್ತು ಹೊಸ ವರ್ಷದ ರಾತ್ರಿಗಳಲ್ಲಿ ಬೆಳಗಿನ ಜಾವದವರೆಗೆ ಜೈವ್ ಎಂಬ ಜೋಡಿ ನೃತ್ಯ ಕುಣಿದ ಕಾಲು ಅವರದು.

ಮೊದಲು ನನಗೆ ಅನುಮಾನವಿತ್ತು. ನಾನು ಕಲಿಯುತ್ತಿದ್ದುದು ಸ್ವಿಂಗ್‌ನ ಒಂದು ಬಗೆಯಾದ ಲಿಂಡಿ ಹಾಪ್. ಅದು 1920ರ ದಶಕದ ಕೊನೆಗೆ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಜನರ ನಡುವೆ ಹುಟ್ಟಿ, 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮಿನ ನೆಲದ ಮೇಲೆ ಬೆಳೆದದ್ದು. ಅದರ ಮುಖ್ಯ ಚಲನೆ, ಸ್ವಿಂಗ್ ಔಟ್, ತಾಳದ ಎಂಟು ಎಣಿಕೆಯದು. ಜೈವ್ ಅದೇ ಮರದ ಇನ್ನೊಂದು ಕೊಂಬೆ, ಆರು ಎಣಿಕೆಯದು. ಆದರೆ ಎರಡರಲ್ಲೂ ಮೂರು ಪುಟ್ಟ ಹೆಜ್ಜೆಗಳನ್ನು ಎರಡು ಎಣಿಕೆಯೊಳಗೆ ಹಿಡಿಸುವ ಕೆಲಸ ಒಂದೇ. ಜೋಡಿಯ ಕೈಯಿಂದ ಕೈಗೆ ಮಾತು ದಾಟುವ ಬಗೆಯೂ ಒಂದೇ. ನನ್ನ ಕಾಯಿಲೆ ಇದ್ದದ್ದು ಕೈಯಲ್ಲಿ. ಹಾಗಾಗಿ ಹೋದೆ.

ಮೊದಲ ಭಾನುವಾರ ಆಂಟಿ ಹಾಡನ್ನೇ ಹಾಕಲಿಲ್ಲ. ಕೆಂಪು ಗಾರೆಯ ನೆಲ, ಗೋಡೆಗೆ ಸರಿಸಿಟ್ಟ ಬೆತ್ತದ ಕುರ್ಚಿಗಳು. ಅವರು ಇಸ್ತ್ರಿ ಮಾಡಿದ ಒಂದು ಬಿಳಿ ಕರವಸ್ತ್ರ ತಂದು ಒಂದು ತುದಿಯನ್ನು ನನ್ನ ಬಲಗೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಎಡಗೈಯಲ್ಲಿ ಹಿಡಿದರು. ನಡುವೆ ಒಂದು ಗೇಣು ಬಟ್ಟೆ. "ನಾನು ನಡೆಯುತ್ತೇನೆ, ನೀನು ಬಾ. ಬಟ್ಟೆ ಜೋಲಬಾರದು, ಜಗ್ಗಲೂಬಾರದು," ಎಂದರು. ಮೂರನೆಯ ಹೆಜ್ಜೆಗೇ ಅದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು. ಅವರು ಹಿಂದೆ ಸರಿಯುವ ಮೊದಲೇ ನಾನು ಮುಂದೆ ಬಂದಿದ್ದೆ. ಮತ್ತೆ ನಡೆದೆವು, ಮತ್ತೆ ಜೋತುಬಿತ್ತು.

"ಎಣಿಸುತ್ತಿದ್ದೀಯಾ?" ಎಂದು ಕೇಳಿದರು. ಹೌದು ಎಂದೆ. "ಎಣಿಸಬೇಡಮ್ಮ, ಕಣ್ಣು ಮುಚ್ಚು."

ಕಣ್ಣು ಮುಚ್ಚಿದಾಗ ನನ್ನ ತಪ್ಪು ನನಗೇ ಕಾಣಿಸಿತು. ಸ್ವಿಂಗ್ ಔಟ್ ಚಲನೆಯಲ್ಲಿ "ಒಂದು" ಎಂದಾಗ ನಡೆಸುವವರು ತೂಕವನ್ನು ಹಿಂದಕ್ಕೆ ಹಾಕುತ್ತಾರೆ. ಆ ಸೆಳೆತ ಕೈಗೆ ತಲುಪಿದ ಮೇಲೆ ಅನುಸರಿಸುವವಳು ಮುಂದಕ್ಕೆ ನಡೆಯಬೇಕು. ನಾನು ಸೆಳೆತಕ್ಕೆ ಕಾಯದೆ, ತಲೆಯೊಳಗಿನ ಎಣಿಕೆಗೆ ಹೊರಡುತ್ತಿದ್ದೆ. ಶಾಲೆಯಲ್ಲಿ ಕೋಲಾಟ ಆಡಿದವಳು ನಾನು. ಎದುರಿನ ಕೋಲು ಬರುವ ಮುನ್ನ ಬೀಸಿದರೆ ಏಟು ಗಾಳಿಗೆ ಬೀಳುತ್ತದೆ ಎಂಬುದು ಹತ್ತು ವರ್ಷದ ಹುಡುಗಿಗೆ ಗೊತ್ತಿತ್ತು. ಮೂವತ್ತೆಂಟರ ಹೆಂಗಸಿಗೆ ಮರೆತುಹೋಗಿತ್ತು.

ಇನ್ನೊಂದು ದೋಷ ಹೆಬ್ಬೆರಳಿನದು. ಜೋಡಿಯ ಬೆರಳುಗಳ ಮೇಲೆ ನನ್ನ ನಾಲ್ಕು ಬೆರಳು ಕೊಕ್ಕೆಯಂತೆ ಕೂತರೆ ಸಾಕಿತ್ತು. ನಾನು ಮೇಲಿನಿಂದ ಹೆಬ್ಬೆರಳನ್ನೂ ಒತ್ತಿ ಬಿಗಿ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ತಿರುಗುವಾಗ ಮಣಿಕಟ್ಟು ಉಳುಕಬಹುದು, ಸಣ್ಣ ಸೂಚನೆ ಭುಜದವರೆಗೆ ಬರುವುದೂ ಇಲ್ಲ. ಎಂಟು ತಿಂಗಳಲ್ಲಿ ಯಾರ ಕಣ್ಣಿಗೂ ಬೀಳದ ಆ ಹೆಬ್ಬೆರಳನ್ನು ಆಂಟಿ ಮುಟ್ಟಿದ ಕೂಡಲೇ ಹಿಡಿದರು. ಒಂಟಿ ಪಾಠದ ಬೆಲೆ ಅಲ್ಲಿದೆ ಎನ್ನುತ್ತೇನೆ. ಹೊಸ ಚಲನೆಗಳನ್ನು ಗುಂಪಿನಲ್ಲೇ ಕಲಿಯಬಹುದು. ಅದಕ್ಕಾಗಿ ಬೇರೆ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಮುಕ್ಕಾಲು ಗಂಟೆಗೆ ಐನೂರು ರೂಪಾಯಿ. ಹದಿನೈದು ದಿನಕ್ಕೊಂದು ಪಾಠ ಇಟ್ಟುಕೊಂಡೆ, ಏಕೆಂದರೆ ವಾರಕ್ಕೊಮ್ಮೆ ಹೋದರೆ ಹಿಂದಿನದು ಮೈಗೆ ಹತ್ತುವ ಮೊದಲೇ ಹೊಸದು ಮೇಲೆ ಬೀಳುತ್ತಿತ್ತು. ಪ್ರತಿ ಸಲ ಒಂದೇ ಪ್ರಶ್ನೆ ಬರೆದುಕೊಂಡು ಹೋಗುತ್ತಿದ್ದೆ. "ಚೆನ್ನಾಗಿ ಕುಣಿಯುವುದು ಹೇಗೆ" ಎಂಬಂಥದ್ದಲ್ಲ. "ತಿರುಗಿದ ಮೇಲೆ ಎಡಗಾಲಿಗೆ ತೂಕ ಪೂರ್ತಿ ಬರುತ್ತಿಲ್ಲ ಏಕೆ" ಎಂಬಂಥದ್ದು. ಕೊನೆಯ ಎರಡು ನಿಮಿಷ ಅವರು ಹೇಳಿದ್ದನ್ನು ನಾನೇ ಮಾಡಿ ತೋರಿಸುತ್ತಾ, ಬಾಯಲ್ಲೂ ಹೇಳುತ್ತಾ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಿದ್ದೆ. ಬಂಗಾರಪೇಟೆ ಬರುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ, ಅದಕ್ಕೆ.

ಮನೆಯ ಅಭ್ಯಾಸಕ್ಕೆ ತಾರಸಿ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ನಿಮಿಷಕ್ಕೆ 120 ಬಡಿತದ ಹಾಡಿನಿಂದ ಆರಂಭಿಸಿ, ಹೆಜ್ಜೆ ಕೆಡದಿದ್ದರೆ ಮಾತ್ರ ವಾರಕ್ಕೆ ಐದು ಬಡಿತ ಹೆಚ್ಚಿಸಿದೆ. ಕರವಸ್ತ್ರದ ಇನ್ನೊಂದು ತುದಿ ಹಿಡಿಯಲು ತಮ್ಮ ಬರುತ್ತಿದ್ದ. ಅವನಿಗೆ ಸ್ವಿಂಗ್ ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಎತ್ತ ನಡೆಯುತ್ತಾನೆ ಎಂದು ನನಗೆ ಮುಂಚಿತವಾಗಿ ತಿಳಿಯುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ನಾಲ್ಕನೆಯ ಪಾಠದಲ್ಲಿ ಆಂಟಿ ನನ್ನಿಂದಲೇ ಲೀಡ್ ಮಾಡಿಸಿದರು, ಅಂದರೆ ನಡೆಸುವವಳು ನಾನು, ಅನುಸರಿಸುವವರು ಅವರು. ಅವರು ಹುಡುಗಿಯರ ಹಾಸ್ಟೆಲ್‌ನಲ್ಲಿ ಹುಡುಗಿಯರ ಜೊತೆಯೇ ಕುಣಿದು ಕಲಿತವರು. ಎರಡೂ ಕಡೆಯ ಕೆಲಸ ಅವರಿಗೆ ಸಮ. ನಾನು ಕೈ ನೀಡಿದಾಗ ಅವರು ಬೇಕೆಂದೇ ನನ್ನ ಹಾಗೆ ಮುಂಚಿತವಾಗಿ ಓಡಿ ಬಂದರು. ನಾನು ಯೋಚಿಸಿದ್ದ ಚಲನೆ ಅಲ್ಲೇ ಸತ್ತಿತು. ಎಂಟು ತಿಂಗಳು ನನ್ನ ಜೊತೆ ಕುಣಿದವರು ಅನುಭವಿಸಿದ್ದು ಇದನ್ನೇ ಎಂದು ತಿಳಿದು ಮನಸ್ಸು ಕುಗ್ಗಿತು. ನಿಜವಾಗಿ ಕಾಯಲು ಕಲಿತದ್ದು ಆ ಸಂಜೆಯಿಂದ.

ಪಾದರಕ್ಷೆಯ ಮಾತನ್ನೂ ಹೇಳಬೇಕು. ರಬ್ಬರ್ ಅಟ್ಟೆ ನೆಲವನ್ನು ಕಚ್ಚುತ್ತದೆ. ಪಾದ ನಿಂತು ಮೈ ತಿರುಗಿದರೆ ಪೆಟ್ಟು ಮಂಡಿಗೆ. ಕೋಲಾರದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರಿಂದ ಹಳೆಯ ಕ್ಯಾನ್ವಾಸ್ ಶೂಗೆ ಚರ್ಮದ ಅಟ್ಟೆ ಹಾಕಿಸಿಕೊಂಡೆ. ಮಂಡಿನೋವು ಹೋಯಿತು.

ಆರು ಪಾಠವಾದ ಮೇಲೆ ಕಳೆದ ತಿಂಗಳು ಬೆಂಗಳೂರಿನಲ್ಲಿ ಗುರುತಿಲ್ಲದ ಒಬ್ಬರ ಜೊತೆ ಕುಣಿದೆ. ನಡುವೆ ವಾದ್ಯಗಳೆಲ್ಲ ಎರಡು ಎಣಿಕೆ ಸುಮ್ಮನಾದವು. ಅವರು ನಿಂತರು, ನಾನೂ ನಿಂತೆ. ತುತ್ತೂರಿ ಮತ್ತೆ ಎದ್ದಾಗ ಅವರ ತೂಕ ಹಿಂದಕ್ಕೆ ಹೋದದ್ದು ನನ್ನ ಬೆನ್ನಿಗೆ ತಿಳಿಯಿತು, ನಡೆದೆ.

ಭಾನುವಾರ ಆಂಟಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಹೆಬ್ಬೆರಳು ಎಲ್ಲಿತ್ತು?"

ನೆನಪಾಗಲಿಲ್ಲ. ಹಾಗೆಂದೇ ಹೇಳಿದೆ. ಅವರು ಮುಗುಳ್ನಕ್ಕು ಮೇಜಿನ ಖಾನೆಯಿಂದ ಕರವಸ್ತ್ರ ತೆಗೆದು, ಈ ಸಲ ನನ್ನ ಎಡಗೈಗೆ ಕೊಟ್ಟರು.